ಗುಡ್ಡ ಏರುವಾಗ ಹಳೆಯ ಕಾರು ಯಾಕೆ ಸೋಲುತ್ತದೆ?



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಇನ್ನೂ ಕೆಲವು ಮನೆಗಳ ಮುಂದೆ ಹಳೆಯ ಅಂಬಾಸಿಡರ್, ಪದ್ಮಿನಿ, ಪೆಟ್ರೋಲ್ ಜೀಪು, ಮೊದಲಿನ ಮಾರುತಿ 800 ನಿಂತಿರುತ್ತವೆ. ಸಂತಿಗೆ, ಮದುವಿಗೆ ನೆಟ್ಟಗೆ ಓಡುವ ಗಾಡಿ, ಸೂಟಿಯಲ್ಲಿ ಮನಿಮಂದಿಯನ್ನೆಲ್ಲ ಕೂಡ್ರಿಸಿಕೊಂಡು ಊಟಿಗೋ ಮುಳ್ಳಯ್ಯನಗಿರಿಗೋ ಹೊರಟರೆ ಅರ್ಧ ಗುಡ್ಡದಲ್ಲಿ ಕರೀ ಹೊಗೆ ಬಿಟ್ಟು ಏದುತ್ತದೆ. “ಕಾರ್ಬುರೇಟರ್ ಹೋಗೇತ್ರಿ, ಹೊಸಾದು ಹಾಕ್ರಿ” ಅಂತ ಯಾರಾದರೂ ಅಂದರೆ ಸಾವಿರಾರು ರೂಪಾಯಿಯ ಮಾತು. ಹಣ ಬಿಚ್ಚುವ ಮೊದಲು, ಇದು ಎತ್ತರದ ಗುಣವೋ ಗಾಡಿಯ ರೋಗವೋ ಎಂಬುದನ್ನು ನೋಡಬೇಕು.

ಕಾರ್ಬುರೇಟರಿನ ಕೆಲಸ ಗಾಳಿಗೆ ಪೆಟ್ರೋಲ್ ಬೆರೆಸುವುದು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ತಾಯಂದಿರಿಗೆ ಇದು ಲಗೂನ ತಿಳಿದೀತು: ಜ್ವಾಳದ ಹಿಟ್ಟು ಕಡಿಮಿ ಆಗಿ ನೀರು ಮೊದಲಿನಷ್ಟೇ ಬಿದ್ದರೆ ರೊಟ್ಟಿ ಬಡಿಯಲಿಕ್ಕೆ ಬರುವುದಿಲ್ಲ. ಇಲ್ಲಿ ಹಿಟ್ಟು ಅಂದರೆ ಗಾಳಿ, ನೀರು ಅಂದರೆ ಪೆಟ್ರೋಲ್. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಪೆಟ್ರೋಲ್ ಮಾತ್ರ ಅದಕ್ಕೆ ತಕ್ಕಷ್ಟು ಕಡಿಮೆಯಾಗುವುದಿಲ್ಲ. ಹೆಚ್ಚಾದ ಪೆಟ್ರೋಲ್ ಅರ್ಧ ಸುಟ್ಟು ಕರೀ ಹೊಗೆಯಾಗುತ್ತದೆ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ 1,930, ಊಟಿ ಸುಮಾರು 2,240 ಮೀಟರ್. ಪ್ರತಿ 300 ಮೀಟರಿಗೆ ಎಂಜಿನ್ನಿನ ಶಕ್ತಿ ನೂರಕ್ಕೆ ಮೂರರಷ್ಟು ಇಳಿಯುತ್ತದೆ ಎಂದು ಅಂದಾಜು. ಆದುದರಿಂದ ಊಟಿಯಲ್ಲಿ ಗಾಡಿ ಸ್ವಲ್ಪ ಸೋತರೆ ಅದು ಕೆಟ್ಟಿದೆ ಎನ್ನಲಾಗದು. ಅಲ್ಲಿ ಬ್ಯಾಳಿ ಬೇಯಲು ಹೆಚ್ಚು ಹೊತ್ತು ಬೇಕಾಗುವುದೂ ಗಾಳಿಯ ಒತ್ತಡ ಕಡಿಮೆ ಇರುವುದರಿಂದಲೇ.

ಆದರೆ ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತುವಾಗಲೇ ಗಾಡಿ ಏದಿದರೆ ಎತ್ತರದ ಮೇಲೆ ತಪ್ಪು ಹೊರಿಸಬೇಡಿರಿ. ಕಪ್ಪತಗುಡ್ಡ ಊಟಿಯ ಅರ್ಧಕ್ಕೂ ಬರುವುದಿಲ್ಲ. ಅಲ್ಲಿ ಸೋಲುವ ಗಾಡಿಯ ರೋಗ ಬಯಲಿನಲ್ಲಿಯೂ ಇದ್ದೇ ಇರುತ್ತದೆ. ಏರು ಅದನ್ನು ತೋರಿಸಿಕೊಟ್ಟಿತು, ಅಷ್ಟೇ. ನಮ್ಮ ಎರೆಭೂಮಿಯ ಬ್ಯಾಸಿಗಿ ಧೂಳು ಏರ್ ಫಿಲ್ಟರನ್ನು ಮುಚ್ಚಿ ಹಾಕುತ್ತದೆ. ಗಾಳಿ ಸಿಗದ ಎಂಜಿನ್ನು ಊಟಿಯಲ್ಲಿದ್ದ ಹಾಗೆಯೇ ವರ್ತಿಸುತ್ತದೆ. ಮೊದಲು ಫಿಲ್ಟರ್ ನೋಡಿರಿ. ಆಮೇಲೆ ಚೋಕಿನ ತಂತಿ ಪೂರ್ತಿ ಹಿಂದಕ್ಕೆ ಹೋಗುತ್ತದೆಯೋ, ಫ್ಲೋಟು ಸೋರಿ ಪೆಟ್ರೋಲ್ ಉಕ್ಕುತ್ತದೆಯೋ ನೋಡಿಸಿರಿ. ಡೀಸೆಲ್ ಜೀಪಿನವರಿಗೆ ಈ ಮಾತು ಬೇಡ, ಅದಕ್ಕೆ ಕಾರ್ಬುರೇಟರೇ ಇಲ್ಲ.

ಪ್ಲಗ್ಗಿನ ಮೋತಿ ನೋಡಿದರೆ ಅರ್ಧ ತಿಳಿಯುತ್ತದೆ. ಏರಿನ ಮೇಲೆ ಎರಡು ಮೂರು ಕಿಲೋಮೀಟರ್ ಓಡಿಸಿ, ಎಂಜಿನ್ನು ಆರಿದ ಮೇಲೆ ಬಿಚ್ಚಿರಿ. ಒಣ ಕರೀ ಕಾಡಿಗೆ ಇದ್ದರೆ ಪೆಟ್ರೋಲ್ ಹೆಚ್ಚು. ಕರೀ ಇದ್ದು ಜಿಡ್ಡು ಇದ್ದರೆ ಎಣ್ಣೆ ಸುಡುತ್ತಿದೆ, ರಿಂಗು ಸವೆದಿರಬೇಕು. ಬೆಳ್ಳಗೆ ಸುಣ್ಣದಂತಿದ್ದರೆ ಪೆಟ್ರೋಲ್ ಸಾಲದು. ತಿಳಿಗಂದು ಬಣ್ಣ ಆರೋಗ್ಯದ್ದು. ಇನ್ನೊಂದು ಪರೀಕ್ಷೆಗೆ ಕಾಸೂ ಬೇಡ: ಏನನ್ನೂ ಮುಟ್ಟದೆ ಗಾಡಿಯನ್ನು ಬಯಲಿಗೆ ಇಳಿಸಿರಿ. ತಾನಾಗಿ ಚಲೋ ಆದರೆ ಎತ್ತರವೇ ಕಾರಣ. ಕೆಳಗೆ ಬಂದರೂ ಹೊಗೆ ಬಿಡದಿದ್ದರೆ ಮೇಲೆ ಹೇಳಿದ ಮೂರರಲ್ಲಿ ಹುಡುಕಿರಿ. ಕರೀ ಹೊಗೆ ಇಲ್ಲದೆ, ಮಧ್ಯಾಹ್ನದ ಬಿಸಿಲಿನ ಏರಿನಲ್ಲಿ ಗಾಡಿ ಝಟ್ಟನೆ ನಿಂತರೆ ಅದು ಬೇರೆ. ನಳಿಗೆಯಲ್ಲಿ ಪೆಟ್ರೋಲ್ ಕುದಿದು ಆವಿಯಾಗಿರುತ್ತದೆ. ನೆರಳಿಗೆ ನಿಲ್ಲಿಸಿ ಪೆಟ್ರೋಲ್ ಪಂಪಿನ ಮೇಲೆ ಹಸಿ ಅರಿವೆ ಹಾಕಿ ಕಾಯಿರಿ. ಹತ್ತಿರ ಬೀಡಿ ಹಚ್ಚಕೂಡದು.

ಕೆಲವು ಹಳೆಯ ಅಮೇರಿಕನ್, ಜಪಾನಿ ಕಾರುಗಳಲ್ಲಿ, ಅದರಲ್ಲೂ 1970 ಮತ್ತು 1980ರ ದಶಕದವುಗಳಲ್ಲಿ, ಎತ್ತರಕ್ಕೆ ತಕ್ಕಂತೆ ಪೆಟ್ರೋಲ್ ಇಳಿಸುವ ಒಂದು ಮುಚ್ಚಿದ ಲೋಹದ ಡಬ್ಬಿ ಇರುತ್ತದೆ. ಒಳಗಿನ ಗಾಳಿ ತೆಗೆದಿರುತ್ತಾರೆ. ಹೊರಗಿನ ಒತ್ತಡ ಇಳಿದಂತೆ ಡಬ್ಬಿ ಉಬ್ಬಿ, ಸೂಜಿಯನ್ನು ತಳ್ಳಿ ಪೆಟ್ರೋಲ್ ಕಡಿಮೆ ಮಾಡುತ್ತದೆ, ಇಲ್ಲವೆ ಹೆಚ್ಚು ಗಾಳಿಗೆ ದಾರಿ ಬಿಡುತ್ತದೆ. ಡಬ್ಬಿ ತೂತಾದರೆ ಒಳಗೂ ಗಾಳಿ ಹೊಕ್ಕು ಅದು ಸದಾ ಉಬ್ಬಿಕೊಂಡೇ ಇರುತ್ತದೆ. ಆಗ ಗಾಡಿ ಗದಗಿನಲ್ಲಿಯೇ ಪೆಟ್ರೋಲ್ ಸಾಲದೆ ಕಾರ್ಬುರೇಟರಿನಲ್ಲಿ ಪಟಪಟ ಅನ್ನುತ್ತದೆ, ಪ್ಲಗ್ಗು ಬೆಳ್ಳಗಾಗುತ್ತವೆ. ಸೂಜಿ ಜಾಮಾಗಿದ್ದರೆ ಇಲ್ಲಿ ಚಲೋ, ಗುಡ್ಡದಲ್ಲಿ ಹೊಗೆ. ಗಾಳಿಯ ರಬ್ಬರ್ ನಳಿಗೆ ಬಿರಿದಿದ್ದರೂ ತೂತು ಡಬ್ಬಿಯ ಲಕ್ಷಣವೇ ಕಾಣುವುದರಿಂದ ಅದನ್ನು ಮೊದಲು ನೋಡಬೇಕು, ಅದು ಅಗ್ಗದ್ದು. ಅಂಬಾಸಿಡರ್, ಪದ್ಮಿನಿಗಳಲ್ಲಿ ಸಾಮಾನ್ಯವಾಗಿ ಈ ಡಬ್ಬಿ ಇರುವುದಿಲ್ಲ. ಅದು ಕೆಟ್ಟಿದೆ ಅಂತ ಯಾರಾದರೂ ಅಂದರೆ, “ಎಲ್ಲೈತಿ, ತೋರಸ್ರಿ” ಅನ್ನಿರಿ.

ಡಬ್ಬಿ ಇಲ್ಲದ ಗಾಡಿ ಬಹಳ ದಿನ ಎತ್ತರದಲ್ಲಿಯೇ ಇರುವುದಾದರೆ ಮೇಸ್ತ್ರಿ ಸಣ್ಣ ಜೆಟ್ಟು ಹಾಕಿಕೊಡಬಹುದು. ಎರಡು ದಿನದ ತಿರುಗಾಟಕ್ಕೆ ಅದು ಬೇಡ. ಕೆಳಗಿನ ಗೇರಿನಲ್ಲಿ ಸಾವಕಾಶ ಏರಿಸಿದರೆ ಸಾಕು. ಕಾರ್ಬುರೇಟರಿನ ಹೊರಗಿನ ಸಣ್ಣ ತಿರುಪು ಗಾಡಿ ನಿಂತಲ್ಲಿ ಓಡುವಾಗಿನ ಮಿಶ್ರಣದ್ದು. ಅದನ್ನು ಎಷ್ಟು ತಿರುವಿದರೂ ಏರಿಗೆ ಬಲ ಬಾರದು. ಜೆಟ್ಟು ಬದಲಿಸಿದ್ದರೆ ಮಾತ್ರ ಊರಿಗೆ ಇಳಿದ ಕೂಡಲೇ ಹಳೆಯದನ್ನು ಹಾಕಿಸಲೇಬೇಕು. ಇಲ್ಲಿಯ ದಪ್ಪ ಗಾಳಿಯಲ್ಲಿ ಸಣ್ಣ ಜೆಟ್ಟಿನಿಂದ ಭಾರ ಎಳೆಸಿದರೆ ಎಂಜಿನ್ನು ಕಾದು ವಾಲ್ವು ಸುಟ್ಟೀತು. ಬಿಚ್ಚಿದ ಹಳೆಯ ಜೆಟ್ಟನ್ನು ಅರಿವೆಯಲ್ಲಿ ಸುತ್ತಿ ಕಾರಿನಲ್ಲಿಯೇ ಇಟ್ಟುಕೊಳ್ಳಿರಿ.