ತೋಳನಾಗಲು ಹುಣ್ಣಿಮೆ ಸಾಕು, ಕಥೆಯಾಗಲು ಸಾಲದು

ಹುಣ್ಣಿಮೆ ಬಂತು. ಅವನು ತೋಳನಾದ. ಊರಲ್ಲಿ ಒಬ್ಬರನ್ನು ಕೊಂದ. ಮತ್ತೆ ಹುಣ್ಣಿಮೆ ಬಂತು, ಮತ್ತೆ ತೋಳನಾದ, ಮತ್ತೊಬ್ಬರು ಹೋದರು. ಇಷ್ಟೇ ಆದರೆ ಅದು ಕಥೆಯಲ್ಲ, ಪಂಚಾಂಗ!

ವೇರ್‌ವುಲ್ಫ್ ಯಾರು ಅಂತ ನಿಮಗೆ ಗೊತ್ತೇ ಇರುತ್ತೆ. ಹಗಲು ಮನುಷ್ಯ, ಕೆಲವು ರಾತ್ರಿ ತೋಳ. ಯುರೋಪಿನ ಹಳ್ಳಿಗಳಿಂದ ಹೊರಟು, ಹಾಲಿವುಡ್ ಹಾದು, ನಮ್ಮ ಮೊಬೈಲ್‌ವರೆಗೂ ಬಂದವನು. ಸಿನಿಮಾದಲ್ಲಾದರೆ ಮೇಕಪ್, ಗ್ರಾಫಿಕ್ಸ್, ಹಿನ್ನೆಲೆ ಸಂಗೀತ ಸೇರಿ ಅವನನ್ನು ದಡ ಮುಟ್ಟಿಸುತ್ತವೆ. ಅವನು ಯಾಕೆ ಹೀಗೆ ಮಾಡಿದ ಅಂತ ನಾವು ಕೇಳುವಷ್ಟರಲ್ಲಿ ದೃಶ್ಯವೇ ಮುಗಿದಿರುತ್ತೆ. ಇಂಟರ್‌ಆಕ್ಟಿವ್ ಫಿಕ್ಷನ್‌ನಲ್ಲಿ ಆ ಅನುಕೂಲ ಇಲ್ಲ. ಮುಂದೇನು ಅಂತ ಬೆರಳಿಂದ ಒತ್ತಿ ಹೇಳುವವರು ಓದುಗರೇ. ಅವನಿಗೆ ಏನು ಬೇಕು ಅನ್ನೋದು ಗೊತ್ತಿಲ್ಲದೆ ಅವರು ಒತ್ತುವುದಾದರೂ ಯಾವುದನ್ನು?

ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಇಂಥ ಕಥೆ ಬರೆಯೋದು ಹವ್ಯಾಸ. ಕೆಲವು ತಿಂಗಳಿಂದ ಒಬ್ಬ ತೋಳಮನುಷ್ಯನ ಕಥೆ ಬರೀತಿದ್ದೀನಿ. ಅವನನ್ನು ನಂಬುವಂತೆ ಮಾಡೋದು ಹೇಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ನಿಮ್ಮ ಜತೆ ಹಂಚಿಕೊಳ್ತೀನಿ.

ಓದುಗರೇ ನಡೆಸುವ ಕಥೆ

ಇಂಟರ್‌ಆಕ್ಟಿವ್ ಫಿಕ್ಷನ್ ಹೊಸದೇನಲ್ಲ. 1976ರ ಹೊತ್ತಿಗೆ ಅಮೆರಿಕದ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್ ಗುಹೆಯೊಂದನ್ನು ಸುತ್ತುವ ಆಟ ಬರೆದರು. ಚಿತ್ರ ಇಲ್ಲ, ಬಣ್ಣ ಇಲ್ಲ, ಬರೀ ಮಾತು. ಉತ್ತರಕ್ಕೆ ಹೋಗು ಅಂತ ಟೈಪ್ ಮಾಡಿದರೆ ಕಂಪ್ಯೂಟರ್ ಮುಂದಿನ ಜಾಗವನ್ನು ವರ್ಣಿಸುತ್ತಿತ್ತು. ಮರುವರ್ಷ ಎಂಐಟಿಯಲ್ಲಿ ‘ಝೋರ್ಕ್’ ಶುರುವಾಯ್ತು. 2009ರಲ್ಲಿ ಕ್ರಿಸ್ ಕ್ಲಿಮಾಸ್ ‘ಟ್ವೈನ್’ ಎಂಬ ಉಚಿತ ಸಾಧನ ತಂದ ಮೇಲೆ ಕೋಡಿಂಗ್ ಬಾರದವರೂ ಇಂಥ ಕಥೆ ಬರೆಯೋದು ಸುಲಭವಾಯ್ತು. ಒಂದೊಂದು ಸನ್ನಿವೇಶಕ್ಕೆ ಒಂದೊಂದು ಚೌಕ, ಚೌಕದಿಂದ ಚೌಕಕ್ಕೆ ಲಿಂಕ್, ಅಷ್ಟೇ. ಕೊನೆಗೆ ಸಿಗೋದು ಫೋನಿನ ಬ್ರೌಸರ್‌ನಲ್ಲೇ ತೆರೆದುಕೊಳ್ಳುವ ಒಂದು ಫೈಲ್. ನೆಟ್‌ಫ್ಲಿಕ್ಸ್‌ನಲ್ಲಿ 2018ರಲ್ಲಿ ಬಂದ ‘ಬ್ಯಾಂಡರ್‌ಸ್ನ್ಯಾಚ್’ ನೋಡಿದ್ದರೆ ಈ ಜಾತಿಯ ಕಥೆ ನಿಮಗೆ ಪರಿಚಯ ಇದ್ದಂತೆಯೇ.

ಶಾಪ ಬೇರೆ, ಉದ್ದೇಶ ಬೇರೆ

ತೋಳಮನುಷ್ಯನ ಕಥೆ ಬರೆಯಲು ಕೂತವರು ಮೊದಲು ಯೋಚಿಸೋದು ಅವನು ತೋಳ ಆಗಿದ್ದು ಹೇಗೆ ಅಂತ. ಕಚ್ಚಿತಾ? ಶಾಪವಾ? ವಂಶದಲ್ಲೇ ಇತ್ತಾ? ಇವೆಲ್ಲ ಅವನಿಗೆ ಆದದ್ದು. ಅವನಿಗೆ ಬೇಕಾದದ್ದು ಏನು ಅನ್ನೋದು ಬೇರೆಯೇ ಪ್ರಶ್ನೆ. ಜ್ವರ ಹೇಗೆ ಬಂತು ಅನ್ನೋದಕ್ಕೂ, ಜ್ವರದಲ್ಲೇ ಎದ್ದು ಆಫೀಸಿಗೆ ಯಾಕೆ ಹೋದ ಅನ್ನೋದಕ್ಕೂ ಇರುವಷ್ಟು ವ್ಯತ್ಯಾಸ.

1941ರ ‘ದಿ ವುಲ್ಫ್ ಮ್ಯಾನ್’ ಸಿನಿಮಾ ತಗೊಳ್ಳಿ. ಲಾನ್ ಚೇನಿ ಜೂನಿಯರ್ ಮಾಡಿದ ಲ್ಯಾರಿ ಟಾಲ್ಬಟ್ ಪಾತ್ರಕ್ಕೆ ತೋಳ ಕಚ್ಚುತ್ತೆ, ಅವನೂ ತೋಳನಾಗ್ತಾನೆ. ಅದು ಶಾಪ. ಆದರೆ ಅವನು ಇಷ್ಟವಾಗೋದು ಬೇರೆ ಕಾರಣಕ್ಕೆ. ವರ್ಷಗಳ ನಂತರ ತಂದೆಯ ಮನೆಗೆ ಮರಳಿದ ಮಗ ಅವನು. ತಂದೆ ತನ್ನನ್ನು ನಂಬಬೇಕು, ತನ್ನಿಂದ ಯಾರಿಗೂ ಕೇಡಾಗಬಾರದು ಅನ್ನೋದೇ ಅವನ ಹಂಬಲ. ಕೊನೆಗೆ ಎದುರಿಗಿರುವುದು ಮಗ ಅಂತ ತಿಳಿಯದೆ ಆ ತಂದೆಯೇ ಬೆಳ್ಳಿ ಹಿಡಿಯ ಕೋಲಿನಿಂದ ಅವನನ್ನು ಹೊಡೆದು ಕೊಲ್ಲುತ್ತಾನೆ. ಅಲ್ಲಿ ಕರುಳು ಚುರುಕ್ ಅನ್ನೋದು ಬೆಳ್ಳಿಯಿಂದಲ್ಲ, ಆ ಹಂಬಲದಿಂದ.

‘ಸುಮ್ಮನೆ ಕಚ್ಚಿರಲಾರದು’

ಇದಕ್ಕಿಂತ ಎಷ್ಟೋ ಹಳೆಯ ಕಥೆಯೊಂದಿದೆ. 12ನೇ ಶತಮಾನದ ಕವಯಿತ್ರಿ ಮರೀ ದ ಫ್ರಾನ್ಸ್ ಹಳೆಯ ಫ್ರೆಂಚ್‌ನಲ್ಲಿ ಬರೆದ ‘ಬಿಸ್‌ಕ್ಲಾವ್ರೆ’. ಅದರ ನಾಯಕ ಒಬ್ಬ ಒಳ್ಳೆಯ ಸರದಾರ. ಅವನಿಗೆ ಹುಣ್ಣಿಮೆಯ ಗೊಡವೆಯೇ ಇಲ್ಲ, ವಾರಕ್ಕೆ ಮೂರು ದಿನ ಕಾಡು ಸೇರಿ ತೋಳವಾಗ್ತಾನೆ. ಮತ್ತೆ ಮನುಷ್ಯನಾಗಲು ಬಿಚ್ಚಿಟ್ಟ ಬಟ್ಟೆ ಸಿಗಲೇಬೇಕು. ಹೆಂಡತಿ ಪದೇಪದೇ ಕೇಳಿ ಗುಟ್ಟು ತಿಳಿದುಕೊಂಡು, ಇನ್ನೊಬ್ಬ ಸರದಾರನ ಕೈಲಿ ಆ ಬಟ್ಟೆ ಕದಿಸಿ, ಅವನನ್ನೇ ಮದುವೆಯಾಗ್ತಾಳೆ. ಇವನು ತೋಳವಾಗಿಯೇ ಉಳಿದುಬಿಡ್ತಾನೆ.

ಮುಂದೊಮ್ಮೆ ಬೇಟೆಗೆ ಬಂದ ರಾಜನ ಕಾಲಿಗೆ ಬಿದ್ದ ತೋಳ ಅರಮನೆ ಸೇರುತ್ತೆ. ಎಲ್ಲರ ಜತೆ ಸಾಧುವಾಗಿರುತ್ತೆ. ಆದರೆ ಆ ಸರದಾರ ಕಂಡಾಗ ಮೇಲೆರಗುತ್ತೆ, ಆಮೇಲೆ ಆ ಹೆಂಗಸಿನ ಮೂಗನ್ನೇ ಕಚ್ಚಿ ಕೀಳುತ್ತೆ. ಎಲ್ಲರೂ ಅದನ್ನು ಕೊಲ್ಲಲು ಹೊರಟಾಗ ಒಬ್ಬ ವಿವೇಕಿ ತಡೀತಾನೆ. ಇಷ್ಟು ದಿನ ಯಾರನ್ನೂ ಮುಟ್ಟದ ಪ್ರಾಣಿ ಸುಮ್ಮನೆ ಕಚ್ಚಿರಲಾರದು, ಈ ಇಬ್ಬರ ಮೇಲೆ ಅದಕ್ಕೇನೋ ಸಿಟ್ಟಿದೆ, ವಿಚಾರಿಸಿ ಅಂತಾನೆ. ನನಗೆ ಈ ಜಾಗ ತುಂಬಾ ಇಷ್ಟ. ಎಂಟು ಶತಮಾನದ ಹಿಂದಿನ ಕಥೆಯೊಳಗೇ ಒಬ್ಬ ಓದುಗ ಎದ್ದು ನಿಂತು, ಇದಕ್ಕೊಂದು ಕಾರಣ ಇರಲೇಬೇಕು ಅಂತ ಕೇಳಿದ ಹಾಗಿದೆ!

ಇನ್ನೊಂದು ಕಥೆಯಲ್ಲ, ಕೋರ್ಟಿನ ದಾಖಲೆ. 1691ರಲ್ಲಿ ಲಿವೋನಿಯಾದಲ್ಲಿ, ಅಂದರೆ ಇಂದಿನ ಲಾಟ್ವಿಯಾದ ಕಡೆ, ಥೀಸ್ ಎಂಬ ಎಂಬತ್ತು ದಾಟಿದ ಮುದುಕ ನ್ಯಾಯಾಧೀಶರ ಮುಂದೆ ತಾನು ತೋಳಮನುಷ್ಯ ಅಂತ ಹೇಳಿಕೊಂಡ. ಆದರೆ ನಾವು ಸೈತಾನನ ಕಡೆಯವರಲ್ಲ, ದೇವರ ಬೇಟೆನಾಯಿಗಳು ಅಂದ. ಮಾಟಗಾರರು ಊರಿನ ಫಸಲನ್ನು ಕದ್ದು ನರಕಕ್ಕೆ ಒಯ್ತಾರಂತೆ, ಇವರು ಹೋಗಿ ಅದನ್ನು ಮರಳಿ ತರ್ತಾರಂತೆ. ಕೋರ್ಟ್ ಅವನಿಗೆ ಛಡಿಯೇಟಿನ ಶಿಕ್ಷೆ ಕೊಟ್ಟಿತು. ಅವನ ಮಾತು ನಂಬೋದು ಬಿಡೋದು ಬೇರೆ ವಿಷಯ. ಆದರೆ ಊರಿನ ಅನ್ನಕ್ಕಾಗಿ ತೋಳನಾಗುವವನು ಅನ್ನೋದು ಎಂಥ ಗಟ್ಟಿ ಉದ್ದೇಶ ನೋಡಿ.

ರೂಪ ಬದಲಿಸುವವರ ಕಥೆ ನಮಗೂ ಹೊಸದಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಹಾವು ಗಂಡನ ರೂಪ ತಾಳೋದು ರಾಣಿಯ ಮೇಲಿನ ಮೋಹಕ್ಕೆ. ಅದಕ್ಕೇ ಆ ಹಾವನ್ನು ನಾವು ಕೊನೆಯವರೆಗೂ ನಂಬ್ತೀವಿ.

ನನ್ನ ಬೇಕರಿಯವನ ನಾಲ್ಕು ಪ್ರಶ್ನೆ

ನನ್ನ ಕಥೆ ನಡೆಯೋದು ಫ್ರಾನ್ಸಿನ ಬೆಟ್ಟದ ಮೇಲಿನ ಒಂದು ಹಳೇ ಹಳ್ಳಿಯಲ್ಲಿ. ನಾಯಕ ಅಲ್ಲಿನ ಬೇಕರಿಯವನು. ಊರೆಲ್ಲ ಮಲಗಿದಾಗ ಅವನು ಹಿಟ್ಟು ನಾದ್ತಾನೆ, ಬೆಳಕು ಹರಿಯೋಷ್ಟರಲ್ಲಿ ಬ್ರೆಡ್ಡು ಬೆಂದಿರಬೇಕು. ಒಂದು ರಾತ್ರಿ ಅವನು ಒಲೆಯ ಹತ್ತಿರ ಇಲ್ಲದಿದ್ದರೆ ಬೆಳಿಗ್ಗೆ ಊರಿಗೇ ಗೊತ್ತಾಗುತ್ತೆ. ಗುಟ್ಟು ಮುಚ್ಚಿಡಬೇಕಾದವನಿಗೆ ಇದಕ್ಕಿಂತ ಕಷ್ಟದ ಕೆಲಸ ನನಗೆ ಹೊಳೀಲಿಲ್ಲ.

ಒಂದು ಚೌಕವನ್ನೂ ಬರೆಯುವ ಮೊದಲು ಹಾಳೆಯ ಮೇಲೆ ನಾಲ್ಕು ಪ್ರಶ್ನೆ ಬರೆದುಕೊಂಡೆ.

ಒಂದು, ತೋಳ ಆಗೋ ಮೊದಲೇ ಅವನಿಗೆ ಏನು ಬೇಕಿತ್ತು? ಈ ಊರಲ್ಲಿ ನೆಲೆ. ಅವನು ಹೊರಗಿನಿಂದ ಬಂದವನು, ಅವನ ಬ್ರೆಡ್ಡು ತಿನ್ನೋರೂ ಅವನನ್ನು ಹಬ್ಬಕ್ಕೆ ಕರೆಯೋದಿಲ್ಲ.

ಎರಡು, ಏನನ್ನು ಕಳೆದುಕೊಳ್ಳೋ ಭಯ? ಹೆಂಡತಿ ಮತ್ತು ಆರು ವರ್ಷದ ಮಗಳು.

ಮೂರು, ತನಗೆ ತಾನೇ ಯಾವ ಸುಳ್ಳು ಹೇಳಿಕೊಳ್ತಾನೆ? ಗುಟ್ಟು ಮುಚ್ಚಿಟ್ಟಿರೋದು ಅವರಿಬ್ಬರ ಒಳ್ಳೇದಕ್ಕೇ ಅಂತ.

ನಾಲ್ಕು, ತೋಳಕ್ಕೆ ಏನು ಬೇಕು? ಈ ಪ್ರಶ್ನೆಗೆ ಬಹಳ ದಿನ ತಗೊಂಡೆ. ಮನುಷ್ಯನಿಗೆ ಬೇಕಾದದ್ದೇ ತೋಳಕ್ಕೂ ಬೇಕು, ಆದರೆ ನಾಚಿಕೆ ಇಲ್ಲದೆ ಬೇಕು. ಹಗಲು ಅವನು ಊರಿನವರ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾನೆ. ರಾತ್ರಿ ಅದೇ ಬಾಗಿಲನ್ನು ಪರಚುತ್ತಾನೆ.

ನಾಲ್ಕನೇ ಉತ್ತರ ಸಿಕ್ಕ ಮೇಲೆ ಕಥೆ ತಾನಾಗಿ ನಡೆಯಿತು. ಎರಡು ಜೀವ ಒಂದೇ ಆಸೆ ಅಂದಾಗ ಹಗಲಿನ ಒಂದೊಂದು ಅವಮಾನಕ್ಕೂ ರಾತ್ರಿಯಲ್ಲಿ ಲೆಕ್ಕ ಇರುತ್ತೆ.

ನಿಜವಾದ ತೋಳ ಬೇರೆ ಥರ

ಇಂಥ ಕಥೆಗಳಲ್ಲಿ ‘ಆಲ್ಫಾ’ ಅನ್ನೋ ಪದ ಧಾರಾಳ. ಗುಂಪಿನಲ್ಲಿ ಎಲ್ಲರನ್ನೂ ಸೋಲಿಸಿ ಮೇಲೆ ಬಂದ ಗಂಡು ಅಂತ ಅರ್ಥ. ತೋಳಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ವಿಜ್ಞಾನಿ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಈ ಮಾತು ಬಳಸಿದ್ದರು. ಆಮೇಲೆ ಕಾಡಿನ ತೋಳಗಳನ್ನು ಹತ್ತಿರದಿಂದ ನೋಡಿ 1999ರಲ್ಲಿ ಅವರೇ ಅದನ್ನು ತಿದ್ದಿದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳು. ಮುಂದೆ ನಡೆಯೋದು ಹೆತ್ತವರು, ಗೆದ್ದವರಲ್ಲ.

ಅಂದರೆ ನಿಜವಾದ ತೋಳ ಸಂಸಾರಸ್ಥ ಪ್ರಾಣಿ. ನಮ್ಮ ಕೊಪ್ಪಳದ ಬಯಲಲ್ಲಿ ಓಡಾಡುವ ಬೂದು ತೋಳಗಳೂ ಮರಿಗಳಿಗಾಗಿ ಬೇಟೆ ಹುಡುಕುವವೇ. ನಿಮ್ಮ ತೋಳಮನುಷ್ಯನಿಗೆ ಅಧಿಕಾರದ ಹಸಿವು ಬಿಟ್ಟು ಬೇರೇನೂ ಹೊಳೆಯದಿದ್ದಾಗ ಇದನ್ನು ನೆನಪಿಸಿಕೊಳ್ಳಿ.

ಬಟನ್ ಮೇಲೆ ಏನು ಬರೀಬೇಕು?

ಉದ್ದೇಶ ಸಿಕ್ಕಿತು ಸರಿ. ಅದನ್ನು ಓದುಗರಿಗೆ ಹೇಳೋದು ಹೇಗೆ? ನಾಲ್ಕು ಪ್ಯಾರಾ ಹಿನ್ನೆಲೆ ಬರೆದರೆ ಫೋನಿನಲ್ಲಿ ಓದುವವರು ಸರ್ರನೆ ಸ್ಕ್ರಾಲ್ ಮಾಡಿಬಿಡ್ತಾರೆ. ಹೇಳಬೇಕಾದದ್ದು ಆಯ್ಕೆಗಳಲ್ಲೇ ಇರಬೇಕು.

‘ಕೊಲ್ಲು’, ‘ಕೊಲ್ಲಬೇಡ’ ಅಂತ ಎರಡು ಬಟನ್ ಇಟ್ಟರೆ ಅದು ಪರೀಕ್ಷೆಯ ಸರಿ-ತಪ್ಪು ಪ್ರಶ್ನೆ. ಎಲ್ಲರೂ ಒಳ್ಳೆಯ ಉತ್ತರ ಒತ್ತಿ ಮುಂದೆ ಹೋಗ್ತಾರೆ. ನನ್ನ ಕಥೆಯ ಮುಖ್ಯ ಆಯ್ಕೆ ಬರೋದು ಹುಣ್ಣಿಮೆಗೆ ಎರಡು ದಿನ ಮೊದಲು, ಹಗಲಿನಲ್ಲಿ. ನೆಲಮಾಳಿಗೆಯಲ್ಲಿ ಸರಪಳಿ ಇದೆ, ಬೀಗ ಇದೆ. ಬೀಗದ ಕೈ ಯಾರ ಹತ್ತಿರ ಇರಬೇಕು? ಹೆಂಡತಿಗೆ ಕೊಟ್ಟರೆ ಎಲ್ಲ ಹೇಳಬೇಕು, ಅವಳು ಬಿಟ್ಟುಹೋಗಬಹುದು. ತಾನೇ ಇಟ್ಟುಕೊಂಡರೆ ಆ ರಾತ್ರಿ ತೋಳದ ಕೈಗೂ ಅದೇ ಸಿಗುತ್ತೆ. ಬಾವಿಗೆ ಎಸೆದರೆ ಮರುದಿನ ಒಲೆ ಹಚ್ಚುವವರಿಲ್ಲ, ಊರು ಕೇಳುತ್ತೆ. ಮೂರಕ್ಕೂ ಬೆಲೆ ಇದೆ. ಓದುಗರು ಬೆರಳೆತ್ತಿ ಅರೆಕ್ಷಣ ತಡೆದರೆ ಅವನ ಭಯ ಅವರಿಗೂ ದಾಟಿದೆ ಅಂತ ಲೆಕ್ಕ.

ಟ್ವೈನ್‌ನಲ್ಲಿ ಒಂದೊಂದು ಆಯ್ಕೆಯನ್ನೂ ನೆನಪಿಟ್ಟುಕೊಳ್ಳಲು ವೇರಿಯೆಬಲ್ ಇಡಬಹುದು. ನನ್ನ ಕಥೆಯಲ್ಲಿ ಎರಡೇ ಇವೆ. ಒಂದು ‘ಗುಟ್ಟು’, ಇನ್ನೊಂದು ‘ನಂಬಿಕೆ’. ಗುಟ್ಟು ಹೆಚ್ಚಾದಷ್ಟೂ ನಂಬಿಕೆ ಇಳಿಯುತ್ತೆ. ಇಷ್ಟು ಸಾಕು. ಹತ್ತು ಇಟ್ಟರೆ ನಿಮಗೇ ತಲೆ ಕೆಡುತ್ತೆ.

ಕಾರಣವೋ, ನೆಪವೋ?

ಈಗ ಈ ಬರಹದ ಮುಖ್ಯ ಮಾತಿಗೆ ಬರ್ತೀನಿ. ಒಬ್ಬ ಕೇಡು ಮಾಡುವವನಿಗೆ ಉದ್ದೇಶ ಕೊಡೋದು ಅಂದರೆ ಅವನ ಪರ ವಕಾಲತ್ತು ಹೂಡೋದಾ?

ಕರಡು ಓದಲು ಕೊಟ್ಟವರಲ್ಲಿ ಒಬ್ಬಳು ಕಾಲೇಜಿನಿಂದಲೂ ಗೆಳತಿ. ಅವಳಪ್ಪನ ಸಿಟ್ಟು ಆ ಮನೆಯ ಹವಾಮಾನವಾಗಿತ್ತು. ಸಂಜೆ ಗೇಟಿನ ಸದ್ದು ಕೇಳಿದರೆ ಅಮ್ಮ, ಮಕ್ಕಳು ಇವತ್ತು ಹೇಗಿದ್ದಾರೋ ಅಂತ ಮುಖ ನೋಡಿಕೊಳ್ಳುತ್ತಿದ್ದರಂತೆ. ಮಾರನೇ ದಿನ ಅವರು ಹೇಳುತ್ತಿದ್ದದ್ದು ಒಂದೇ ಮಾತು, “ನಿನ್ನೆ ನಾನು ನಾನಾಗಿರ್ಲಿಲ್ಲ.”

ಅವಳು ಕಥೆಯನ್ನು ಮೂರು ಸಲ ಆಡಿದಳು. ಮೂರು ಸಲವೂ ಬೀಗದ ಕೈಯನ್ನು ಹೆಂಡತಿಗೇ ಕೊಟ್ಟಳು. ಆಮೇಲೆ ಫೋನ್ ಮಾಡಿದಳು.

“ನಿನ್ನ ಬೇಕರಿಯವನು ಪಾಪ ಅನ್ನಿಸ್ತಾನೆ ಕಣೋ. ಆದ್ರೆ ಪಾಪ ಅನ್ನಿಸೋದೇ ನಂಗೆ ಭಯ. ನಮ್ಮಪ್ಪನೂ ಪಾಪ ಅನ್ನಿಸ್ತಿದ್ರು. ಒಂದ್ ಮಾತು ಕೇಳ್ತೀನಿ, ಉಳಿದ ಇಪ್ಪತ್ತೆಂಟು ದಿನ ಇವನು ಏನ್ ಮಾಡ್ತಾನೆ?”

ತೋಳಮನುಷ್ಯನ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಹುಣ್ಣಿಮೆಯ ರಾತ್ರಿ ಅವನ ಕೈಯಲ್ಲಿಲ್ಲ, ಒಪ್ಪಿಕೊಳ್ಳೋಣ. ಮಿಕ್ಕ ದಿನಗಳು ಅವನ ಕೈಯಲ್ಲೇ ಇವೆ. ಸರಪಳಿಯನ್ನು ಗಟ್ಟಿ ಮಾಡಿದನಾ? ಪಕ್ಕದವರಿಗೆ ಎಚ್ಚರಿಕೆ ಕೊಟ್ಟನಾ? ಮನೆಯವಳಿಗೆ ನಿಜ ಹೇಳಿದನಾ? ಇವಕ್ಕೆ ಅವನು ಕೊಡುವ ಉತ್ತರವೇ ಅವನ ನಿಜವಾದ ಉದ್ದೇಶ. ಕಾರಣ ತಿಳಿದವನು ಮುಂದಿನ ಹುಣ್ಣಿಮೆಗೆ ತಯಾರಾಗ್ತಾನೆ. ನೆಪ ಹುಡುಕುವವನು ಮಾರನೇ ದಿನದ ಕ್ಷಮೆಗೆ ಮಾತ್ರ ತಯಾರಾಗ್ತಾನೆ.

ಅವಳು ಇನ್ನೊಂದನ್ನೂ ಕೇಳಿದಳು. ಹೆಂಡತಿಯಾಗಿ ಆಡುವ ದಾರಿ ಬೇಕು ಅಂತ. ಈಗ ಕಥೆಯ ಮಧ್ಯದಲ್ಲಿ ಬೀಗದ ಕೈ ಅವಳಿಗೆ ಸಿಕ್ಕ ಕೂಡಲೇ ಓದುಗರ ಪಾತ್ರವೂ ಬದಲಾಗುತ್ತೆ. ನೀವು ಅವಳಾಗ್ತೀರಿ. ನೆಲಮಾಳಿಗೆಯಿಂದ ಗಂಡನ ದನಿ ಕೇಳುತ್ತೆ, ಮಗಳು ಮಲಗಿದ್ದಾಳೆ, ಹೊರಗೆ ಗಾಡಿ ನಿಂತಿದೆ. ಕಾಯಬಹುದು, ಮಗಳನ್ನು ಎತ್ತಿಕೊಂಡು ಹೊರಡಬಹುದು. ಹೊರಟರೆ ಕಥೆ ಅವಳನ್ನು ಶಿಕ್ಷಿಸೋದಿಲ್ಲ. ಬೆಳಿಗ್ಗೆ ಊರಿಗೆ ಬ್ರೆಡ್ಡು ಇರೋದಿಲ್ಲ, ಅಷ್ಟೇ.

ಅವಳು ಈಚೆಗೆ ಆ ದಾರಿಯನ್ನು ಆಡಿ ಮುಗಿಸಿದಳಂತೆ. ಯಾವುದನ್ನು ಒತ್ತಿದೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಮಗೂ ಬರೆಯುವ ಆಸೆ ಇದ್ದರೆ ಈ ವಾರಾಂತ್ಯ ಟ್ವೈನ್ ತೆರೆಯಿರಿ, ಐದೇ ಚೌಕ ಸಾಕು. ಹುಣ್ಣಿಮೆಯಿಂದ ಶುರು ಮಾಡಬೇಡಿ, ಯಾವುದೋ ಸಾಧಾರಣ ಮಂಗಳವಾರದಿಂದ ಶುರು ಮಾಡಿ. ಅವತ್ತು ಬೆಳಿಗ್ಗೆ ಅವನು ಮನೆಯವರಿಗೆ ಏನು ಹೇಳ್ತಾನೆ, ಏನು ಹೇಳೋದಿಲ್ಲ ಅಂತ ಬರೆಯಿರಿ. ಅವನಿಗೆ ಏನು ಬೇಕು ಅನ್ನೋದು ಅಲ್ಲೇ ಕಾಣಿಸಿಕೊಳ್ಳುತ್ತೆ.