ಬೆಂಗಳೂರಿನಲ್ಲಿ ಹುಟ್ಟಿದ ಬಿಷಪ್ ಓಲ್ಡಮ್

ಹುಮನಾಬಾದ್, ಬಸವಕಲ್ಯಾಣ, ಬೀದರ್ ಕಡೆ ಚರ್ಚುಗಳ ಬೋರ್ಡುಗಳನ್ನು ಗಮನಿಸಿದವರಿಗೆ ‘ಮೆಥೋಡಿಸ್ಟ್’ ಎಂಬ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅದೇ ಧಾರವಾಡ, ಗದಗ, ಬಳ್ಳಾರಿ ಕಡೆ ಹೋದರೆ ‘ಸಿ.ಎಸ್.ಐ.’ ಎಂಬ ಮೂರಕ್ಷರ ಕಾಣುತ್ತದೆ. ಓದುವ ಬೈಬಲ್ ಕನ್ನಡದ್ದೇ, ಹಾಡುವ ಕೀರ್ತನೆಗಳೂ ಕನ್ನಡದವೇ. ಹಾಗಿದ್ದರೂ ಹೆಸರು ಬೇರೆ ಏಕೆ?

ಉತ್ತರ ಇತಿಹಾಸದಲ್ಲಿದೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಬ್ರಿಟಿಷ್ ಮೆಥೋಡಿಸ್ಟ್ ಮುಂತಾದ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ ಅಂದರೆ ಸಿ.ಎಸ್.ಐ. ಆಯಿತು. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ್ ಸೀಮೆಯಲ್ಲಿ ಕೆಲಸ ಮಾಡುತ್ತಿದ್ದುದು ಅಮೆರಿಕದಿಂದ ಬಂದ ಮೆಥೋಡಿಸ್ಟ್ ಮಿಷನ್. ಅದು ಈ ಕೂಟಕ್ಕೆ ಸೇರಲಿಲ್ಲ. ಆ ಸಭೆಯ ಹಳೆಯ ಪೂರ್ಣ ಹೆಸರು ‘ಮೆಥೋಡಿಸ್ಟ್ ಎಪಿಸ್ಕೋಪಲ್ ಚರ್ಚ್’. ‘ಎಪಿಸ್ಕೋಪಲ್’ ಎಂದರೆ ಬಿಷಪ್ಪರ ಆಡಳಿತಕ್ಕೆ ಒಳಪಟ್ಟದ್ದು. ಮೂಲ ಗ್ರೀಕ್ ಪದದ ಅರ್ಥ ಮೇಲ್ವಿಚಾರಕ; ಕನ್ನಡ ಬೈಬಲ್ಲು ಅದನ್ನು ‘ಸಭಾಧ್ಯಕ್ಷ’ ಎಂದು ಕರೆಯಿತು.

ಈ ಮೇಲ್ವಿಚಾರಕರ ದೊಡ್ಡ ಅಧಿಕಾರವೆಂದರೆ ವರ್ಗಾವಣೆ. ಯಾವ ಪಾಸ್ಟರು ಯಾವ ಊರಿಗೆ ಎಂದು ಬಿಷಪ್ಪರು ನೇಮಕ ಓದುತ್ತಾರೆ. ಪಾಸ್ಟರು ಗಂಟುಮೂಟೆ ಕಟ್ಟಿ ಹೊರಡಬೇಕು. ಒಂದೇ ಊರಿನಲ್ಲಿ ನೆಲೆಯೂರಿದ ಗುರುವಿಗಿಂತ ಊರೂರು ತಿರುಗುವ ಗುರುವೇ ಮೇಲು ಎಂಬುದು ಈ ಪಂಥ ಹುಟ್ಟಿದಂದಿನ ನಂಬಿಕೆ. ಸ್ಥಾವರ, ಜಂಗಮ ಎಂಬ ಮಾತುಗಳನ್ನು ಕೇಳಿ ಬೆಳೆದ ಕಲ್ಯಾಣದ ನಾಡಿಗೆ ಇದು ತೀರ ಹೊಸ ವಿಚಾರವೇನಲ್ಲ. ತತ್ವಗಳು ಬೇರೆ, ಆದರೆ ನಡೆದಾಡುವ ಗುರು ಎಂಬ ಕಲ್ಪನೆ ಎರಡೂ ಕಡೆ ಇದೆ.

ಹೀಗೆ ನಡೆದಾಡಿದ ಬಿಷಪ್ಪರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವರು ಎಂಬುದು ಹೆಚ್ಚು ಜನರಿಗೆ ತಿಳಿಯದು. ಅವರೇ ವಿಲಿಯಂ ಫಿಟ್ಜ್‌ಜೇಮ್ಸ್ ಓಲ್ಡಮ್.

ಓಲ್ಡಮ್ ಹುಟ್ಟಿದ್ದು 1854ರ ಡಿಸೆಂಬರ್ 15ರಂದು. ತಂದೆ ಬ್ರಿಟಿಷ್ ಸೈನ್ಯದಲ್ಲಿದ್ದವರು. ಮಗ ಓದು ಮುಗಿಸಿ ಸರ್ಕಾರಿ ಸರ್ವೇಯರ್ ಆದರು. ಆ ಕಾಲದಲ್ಲಿ ವಿಲಿಯಂ ಟೇಲರ್ ಎಂಬ ಅಮೆರಿಕದ ಬೋಧಕರು ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಸಭೆಗಳನ್ನು ನಡೆಸುತ್ತಿದ್ದರು. ಆ ಚಳವಳಿಯ ಪ್ರಭಾವಕ್ಕೆ ಓಲ್ಡಮ್ ಪುಣೆಯಲ್ಲಿ ಒಳಗಾದರು. ನೌಕರಿ ಬಿಟ್ಟು ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾದ ಅಲಿಗೇನಿ ಕಾಲೇಜಿನಲ್ಲಿ ಓದಿದರು. 1883ರಲ್ಲಿ ಪದವಿ ಪಡೆದು, ಭಾರತದಲ್ಲಿ ಕೆಲಸ ಮಾಡಬೇಕೆಂಬ ಆಸೆಯಿಂದ ಮರಳಿದರು.

ಆದರೆ ಬಂದವರಿಗೆ ಸಿಕ್ಕಿದ್ದು ಭಾರತವಲ್ಲ, ಸಿಂಗಪುರ. ಹಿರಿಯರಾದ ಜೇಮ್ಸ್ ಥೋಬರ್ನ್ ಅವರು ಅಲ್ಲಿ ಹೊಸ ಮಿಷನ್ ಆರಂಭಿಸಲು ಓಲ್ಡಮ್ ಅವರನ್ನು ಆರಿಸಿದ್ದರು. 1885ರ ಫೆಬ್ರುವರಿಯಲ್ಲಿ ಥೋಬರ್ನ್, ಓಲ್ಡಮ್ ಮತ್ತಿತರರು ಸಿಂಗಪುರದಲ್ಲಿ ಇಳಿದು, ಟೌನ್ ಹಾಲ್‌ನಲ್ಲಿ ಉಪನ್ಯಾಸ ನಡೆಸಿದರು. ಕೆಲವೇ ದಿನಗಳಲ್ಲಿ ಪುಟ್ಟ ಸಭೆಯೊಂದು ಹುಟ್ಟಿತು. ಥೋಬರ್ನ್ ಭಾರತಕ್ಕೆ ಹಿಂದಿರುಗಿದರು; ಓಲ್ಡಮ್ ಅಲ್ಲೇ ಉಳಿದರು.

ಅವರ ಕೈಯಲ್ಲಿ ಮಿಷನ್ನಿನ ಹಣವಿರಲಿಲ್ಲ. ಇದು ಆಕಸ್ಮಿಕವಲ್ಲ, ಟೇಲರ್ ಹಾಕಿಕೊಟ್ಟ ನಿಯಮ. ವಿದೇಶದ ಹಣಕ್ಕೆ ಕಾಯದೆ, ಸ್ಥಳೀಯರೇ ಕೊಟ್ಟದ್ದರಲ್ಲಿ ಬೋಧಕ ಬದುಕಬೇಕು. ನಿಯಮ ಕೇಳಲು ಚೆಂದ, ಪಾಲಿಸುವುದು ಕಷ್ಟ. ಪರಿಚಯವೇ ಇಲ್ಲದ ಬಂದರು ಪಟ್ಟಣದಲ್ಲಿ ಒಬ್ಬ ಪರದೇಶಿಗೆ ಕೊಡುವವರು ಯಾರು?

ಇಲ್ಲಿ ನೆರವಿಗೆ ಬಂದದ್ದು ಉಪದೇಶವಲ್ಲ, ಖಗೋಳಶಾಸ್ತ್ರ. ಅಲ್ಲಿನ ಚೀನೀಯರ ಚರ್ಚಾಕೂಟವೊಂದರಲ್ಲಿ ಓಲ್ಡಮ್ ಗ್ರಹ ನಕ್ಷತ್ರಗಳನ್ನು ಕುರಿತು ಮಾತನಾಡಿದರು. ಆ ಪರಿಚಯದಿಂದ ಚೀನೀ ವರ್ತಕರ ಮನೆಗಳ ಬಾಗಿಲು ತೆರೆಯಿತು. ವ್ಯಾಪಾರಕ್ಕೆ ಇಂಗ್ಲಿಷ್ ಬೇಕು, ಆದರೆ ಮಕ್ಕಳು ಚೀನೀ ಭಾಷೆಯನ್ನು ಮರೆಯಬಾರದು ಎಂಬುದು ವರ್ತಕರ ಆಸೆ. 1886ರಲ್ಲಿ ಅಮೊಯ್ ಬೀದಿಯ ಅಂಗಡಿ ಮನೆಯೊಂದರಲ್ಲಿ 13 ಹುಡುಗರೊಂದಿಗೆ ಶಾಲೆ ಶುರುವಾಯಿತು. ಎರಡೂ ಭಾಷೆ ಕಲಿಸುತ್ತಿದ್ದುದರಿಂದ ಅದಕ್ಕೆ ‘ಆಂಗ್ಲೋ ಚೈನೀಸ್ ಸ್ಕೂಲ್’ ಎಂದು ಹೆಸರಾಯಿತು. ಇಂದು ಸಿಂಗಪುರದ ಹೆಸರಾಂತ ವಿದ್ಯಾಸಂಸ್ಥೆಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳೂ ಇದೇ ಸಭೆಯ ಕೊಡುಗೆ. ಅವು 1880ರಲ್ಲಿ ಆರಂಭವಾದವು.

ಬೇರೆ ನಾಡಿನಿಂದ ಬಂದವನನ್ನು ಜನ ಒಪ್ಪಿಕೊಳ್ಳುವ ಬಗೆಯನ್ನು ಈ ಘಟನೆ ತಿಳಿಸುತ್ತದೆ. ತಾನು ತಂದದ್ದನ್ನು ಕೊಡುವ ಮೊದಲು ಓಲ್ಡಮ್ ಆ ಊರಿಗೆ ಏನು ಬೇಕೆಂದು ಕೇಳಿಕೊಂಡರು. ಕಲಿಸಬಂದವರು ವರ್ತಕರ ಷರತ್ತಿಗೂ ಒಪ್ಪಬೇಕಾಯಿತು.

ಆರೋಗ್ಯ ಕೆಟ್ಟು 1889ರಲ್ಲಿ ಓಲ್ಡಮ್ ಸಿಂಗಪುರ ಬಿಟ್ಟು ಅಮೆರಿಕಕ್ಕೆ ಹೋದರು. ಅಲ್ಲಿ ಅಧ್ಯಾಪಕರಾಗಿ, ಪಾಸ್ಟರಾಗಿ ದುಡಿದರು. 1904ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸೇರಿದ ಮಹಾಸಭೆ ಅವರನ್ನು ದಕ್ಷಿಣ ಏಷ್ಯಾದ ‘ಮಿಷನರಿ ಬಿಷಪ್’ ಆಗಿ ಚುನಾಯಿಸಿತು. ಬೀದರ್ ಸೀಮೆಯ ಮಿಷನ್ ಕೆಲಸವೂ ಈ ದಕ್ಷಿಣ ಏಷ್ಯಾ ಕ್ಷೇತ್ರದೊಳಗೆ ಬರುತ್ತಿತ್ತು. ಓಲ್ಡಮ್ ಮಾತ್ರ ಮುಖ್ಯವಾಗಿ ಮಲಯಾ ಮತ್ತು ಫಿಲಿಪೈನ್ಸ್ ಕಡೆಯ ಮೇಲ್ವಿಚಾರಣೆ ನೋಡಿಕೊಂಡರು.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಬಿಷಪ್’ ಬೇರೆ, ‘ಮಿಷನರಿ ಬಿಷಪ್’ ಬೇರೆ. ಮಿಷನರಿ ಬಿಷಪ್ಪರ ಅಧಿಕಾರ ನಡೆಯುತ್ತಿದ್ದುದು ನೇಮಿಸಿದ ಹೊರದೇಶದ ಕ್ಷೇತ್ರದಲ್ಲಿ ಮಾತ್ರ. ಅಮೆರಿಕದ ಸಭೆಗಳ ಮೇಲೆ ಆ ಅಧಿಕಾರ ಇರಲಿಲ್ಲ. ಆದರೆ ಅಮೆರಿಕದ ಬಿಷಪ್ಪರು ಸಭೆಯ ಎಲ್ಲೆಡೆಗೂ ಬಿಷಪ್ಪರೇ. 1858ರಲ್ಲಿ ಲೈಬೀರಿಯಾಕ್ಕೆಂದು ನೇಮಕವಾದ ಫ್ರಾನ್ಸಿಸ್ ಬರ್ನ್ಸ್ ಎಂಬ ಕಪ್ಪು ಜನಾಂಗದ ಬೋಧಕರಿಂದ ಈ ಪದವಿ ಶುರುವಾಯಿತು ಎಂಬುದನ್ನು ನೆನೆದರೆ ಅದರ ಒಳಮರ್ಮ ತಿಳಿಯುತ್ತದೆ. ದೂರದವರನ್ನು ಆಳಲು ಒಂದು ಬಗೆಯ ಬಿಷಪ್, ಎಲ್ಲರನ್ನೂ ಆಳಲು ಇನ್ನೊಂದು ಬಗೆಯ ಬಿಷಪ್.

ಓಲ್ಡಮ್ ಈ ಗಡಿಯನ್ನು ದಾಟಿದರು. 1916ರಲ್ಲಿ ಅವರು ಪೂರ್ಣಾಧಿಕಾರದ ಬಿಷಪ್ ಆಗಿ ಚುನಾಯಿತರಾಗಿ ದಕ್ಷಿಣ ಅಮೆರಿಕಕ್ಕೆ ಹೋದರು. 1928ರಲ್ಲಿ ನಿವೃತ್ತರಾಗಿ 1937ರಲ್ಲಿ ತೀರಿಕೊಂಡರು. ಆದರೆ ಅವರು ಯುರೋಪಿಯನ್ ಮೂಲದವರು. ಭಾರತೀಯರಿಗೆ ಆ ಬಾಗಿಲು ಇನ್ನೂ ತೆರೆದಿರಲಿಲ್ಲ.

1928ರ ನಿಯಮ ತಿದ್ದುಪಡಿಯಿಂದ ಹೊರದೇಶಗಳ ಪ್ರಾಂತೀಯ ಸಭೆಗಳಿಗೆ ತಮ್ಮ ಬಿಷಪ್ಪರನ್ನು ತಾವೇ ಆರಿಸುವ ಹಕ್ಕು ಬಂತು. ಅದರಂತೆ 1930ರ ದಶಕದ ಹೊಸ್ತಿಲಲ್ಲಿ ಲಖನೌದ ಪ್ರಾಂಶುಪಾಲ ಜಶ್ವಂತರಾವ್ ಚಿತಂಬರ್ ಈ ಸಭೆಯ ಮೊದಲ ಭಾರತೀಯ ಬಿಷಪ್ ಆದರು. ಕೊನೆಗೆ 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆ ಸ್ವತಂತ್ರ ಸಭೆಯಾಯಿತು. ಹುಮನಾಬಾದ್ ಸೀಮೆಯ ಪಾಸ್ಟರ ವರ್ಗಾವಣೆ ಅಂದಿನಿಂದ ಭಾರತದ ಸಭೆಯ ಸ್ವಂತ ವಿಷಯ.

ಕಥೆಗೆ ಇನ್ನೂ ಒಂದು ತಿರುವಿದೆ. ಓಲ್ಡಮ್ ಆಯ್ಕೆಯಾದ 1904ಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ, 2004ರಲ್ಲಿ, ಅಮೆರಿಕದ ಯುನೈಟೆಡ್ ಮೆಥೋಡಿಸ್ಟ್ ಸಭೆ ಸುದರ್ಶನ ದೇವಧರ್ ಅವರನ್ನು ಬಿಷಪ್ ಆಗಿ ಚುನಾಯಿಸಿತು. ಇವರು ಕರ್ನಾಟಕದಲ್ಲಿ ಹುಟ್ಟಿದವರು. ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ಮೊದಲು ನ್ಯೂಜೆರ್ಸಿ, 2012ರಿಂದ ನ್ಯೂ ಇಂಗ್ಲೆಂಡ್ ಪ್ರಾಂತಗಳನ್ನು ನೋಡಿಕೊಂಡರು. ಅಂದರೆ ಅಮೆರಿಕದ ಪಾಸ್ಟರುಗಳ ನೇಮಕವನ್ನು ಕನ್ನಡ ನಾಡಿನಿಂದ ವಲಸೆ ಹೋದ ಬಿಷಪ್ಪರು ಓದುವ ಕಾಲ ಬಂತು.

ಬೀದರ್ ಜಿಲ್ಲೆಯ ಎಷ್ಟೋ ಮನೆಗಳಿಂದ ಇಂದಿಗೂ ಜನ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುತ್ತಾರೆ. ಹೋದ ಊರಿನಲ್ಲಿ ಕೆಲಸ ಸಿಗುವುದು ಒಂದು ಹಂತ. ಆ ಊರಿನ ವಿಷಯದಲ್ಲಿ ಮಾತಾಡುವ ಹಕ್ಕು ಸಿಗುವುದು ಇನ್ನೊಂದು ಹಂತ. ಎರಡರ ನಡುವಿನ ದಾರಿ ಎಷ್ಟು ಉದ್ದವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಒಂದು ಸಭೆಗೆ ಆ ದಾರಿ ನಡೆಯಲು ನೂರು ವರ್ಷ ಹಿಡಿಯಿತು.