ಬ್ಯಾಡಗಿಯ ಬದಲಿಗೆ ಗುಂಟೂರು

ಗವರ್ನರ್‌ಪೇಟೆಯಲ್ಲಿ ನೆಲೆಸಿರುವ ನಾವು ಯುಗಾದಿಗೆಂದು ಅಂತರ್ಜಾಲದ ದಿನಸಿ ಅಂಗಡಿಯೊಂದರಿಂದ ಬ್ಯಾಡಗಿ ಮೆಣಸಿನಕಾಯಿ ತರಿಸಿದೆವು. ಬಂದದ್ದು ಗುಂಟೂರಿನದು. 'ದಾಸ್ತಾನಿಲ್ಲ, ಬದಲಿ ಕಳುಹಿಸಿದೆ' ಎಂಬ ಸಾಲು ರಸೀದಿಯ ಕೆಳಗಿತ್ತು. ಅದನ್ನು ಗಮನಿಸದೆ ಎಂದಿನ ಅಳತೆಯಲ್ಲೇ ಸಾರಿನ ಪುಡಿ ಕುಟ್ಟಿದೆವು. ಹಬ್ಬದ ದಿನ ಮನೆಯ ಹಿರಿಯರೂ ಮಕ್ಕಳೂ ಮೊಸರನ್ನದಲ್ಲೇ ಊಟ ಮುಗಿಸಬೇಕಾಯಿತು.

ಕಪಾಟಿನಲ್ಲಿ ಮಾಲು ಮುಗಿದರೂ ಪರದೆಯ ಲೆಕ್ಕ ತಡವಾಗಿ ತಿದ್ದಲ್ಪಡುವುದುಂಟು. ಆಗ ಅದೇ ವರ್ಗದ, ಸಮೀಪ ಬೆಲೆಯ ಪದಾರ್ಥವನ್ನು ಆರಿಸಲಾಗುತ್ತದೆ. ಗಣಕಕ್ಕೆ ಎರಡೂ ಒಣ ಮೆಣಸಿನಕಾಯಿಯೇ. ಗುಂಟೂರಂತೂ ನಮಗೆ ಕೃಷ್ಣೆಯ ಆಚೆಗೇ ಇದೆ! ಆದರೆ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಸುಕ್ಕುಗಾಯಿ ಗಾಢ ಕೆಂಪು ಬಣ್ಣಕ್ಕೆ ಪ್ರಸಿದ್ಧ, ಖಾರ ಅಲ್ಪ. ಗುಂಟೂರಿನ ಕಾಯಿ ಖಾರಕ್ಕೇ ಹೆಸರಾದುದು. ಖಾರ ತಗ್ಗಲೆಂದು ಕಾಯಿ ಕಡಿಮೆ ಹಾಕಿದರೆ ಬಣ್ಣವೂ ಇಳಿಯುತ್ತದೆ. ಬದಲಿ ಬೇಕೇ ಆದರೆ ಕಾಶ್ಮೀರಿ ಮೆಣಸಿನಕಾಯಿಯೇ ಹತ್ತಿರದ್ದು.

ಆದ್ದರಿಂದ ಬೇಡಿಕೆ ಸಲ್ಲಿಸುವಾಗಲೇ, ಅಂಥ ಆಯ್ಕೆ ಇದ್ದಲ್ಲಿ, 'ಬದಲಿ ಬೇಡ' ಎಂದು ಗುರುತಿಸುವುದು ಲೇಸು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳಂತೆ, ಒಪ್ಪಿದ ಗುಣಲಕ್ಷಣವಿಲ್ಲದ ವಸ್ತುವನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಬದಲಿಗೆ ಮೊದಲೇ ಸಮ್ಮತಿಸಿದ್ದರೆ ನಮ್ಮ ವಾದ ಸಡಿಲವಾಗುತ್ತದೆ. ಪೊಟ್ಟಣ ಒಡೆಯುವ ಮುನ್ನ ರಸೀದಿ ಓದಬೇಕು, ನಾವು ಓದಲಿಲ್ಲ. ಉಳಿದ ಕಾಯಿಯನ್ನು ನೆರೆಯ ತೆಲುಗು ಮನೆಯವರಿಗೆ ಕೊಟ್ಟೆವು. ಅವರ ಆವಕಾಯಿಗೆ ಅದು ಒದಗಿತು.